ನ್ಯಾನೋ ಔಷಧ ನೇರವಾಗಿ ಗಡ್ಡೆಗೇ ಹೋಗುವುದಾದರೆ ಅಮ್ಮನ ಅಂಗೈ ಏಕೆ ಉರಿಯುತ್ತಿದೆ?

ಬೆಳ್ಳಿಚುಕ್ಕಿ:
ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಅಂಡಾಶಯದ ಕ್ಯಾನ್ಸರ್ ಮರುಕಳಿಸಿದೆ. ಮೊದಲು ಕೊಟ್ಟಿದ್ದ ಪ್ಲಾಟಿನಂ ಆಧಾರಿತ ಔಷಧಕ್ಕೆ ಗಡ್ಡೆ ಈಗ ಬಗ್ಗುತ್ತಿಲ್ಲವೆಂದು ವೈದ್ಯರು ಲೈಪೋಸೋಮ್ ರೂಪದ ಡಾಕ್ಸೋರುಬಿಸಿನ್ ಎಂಬ ಕೀಮೋ ಔಷಧ ಆರಂಭಿಸಿದ್ದಾರೆ. ನಾಲ್ಕು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. ಚಿಕಿತ್ಸೆ ಶುರುವಾಗುವ ಮೊದಲು ಬಂಧುಗಳೊಬ್ಬರು ಒಂದು ವಿಡಿಯೋ ಕಳಿಸಿದ್ದರು. ಈ ಔಷಧ ನ್ಯಾನೋಕಣಗಳೊಳಗೆ ಕುಳಿತು ನೇರವಾಗಿ ಗಡ್ಡೆಗೇ ಹೋಗುತ್ತದೆ, ಆರೋಗ್ಯವಾಗಿರುವ ಕೋಶಗಳನ್ನು ಮುಟ್ಟುವುದೇ ಇಲ್ಲ ಎಂದು ಅದರಲ್ಲಿ ಹೇಳಿದ್ದರು. ಅಮ್ಮ ಅದನ್ನು ನಂಬಿ ಧೈರ್ಯ ತಂದುಕೊಂಡಿದ್ದರು, ನಾನೂ ನಂಬಿದ್ದೆ.

ಎರಡನೇ ಡೋಸ್ ಆಗಿ ಎರಡು ವಾರ ಕಳೆಯುವಷ್ಟರಲ್ಲಿ ಅವರ ಅಂಗೈ, ಅಂಗಾಲುಗಳು ಕೆಂಪಾಗಿ, ಊದಿಕೊಂಡು, ಬೆಂಕಿ ತಾಗಿದಂತೆ ಉರಿಯುತ್ತಿವೆ. ಬಿಸಿ ಲೋಟ ಹಿಡಿಯಲಾಗುತ್ತಿಲ್ಲ, ಚಪ್ಪಲಿ ಮೆಟ್ಟಲಾಗುತ್ತಿಲ್ಲ. ಗಡ್ಡೆ ಇರುವುದು ಹೊಟ್ಟೆಯಲ್ಲಿ, ಉರಿಯುತ್ತಿರುವುದು ಕೈಕಾಲು. ನೇರವಾಗಿ ಗಡ್ಡೆಗೇ ಹೋಗಬೇಕಾದ ಔಷಧ ಅಂಗೈಗೆ ಹೇಗೆ ಬಂತು? ಚಿಕಿತ್ಸೆಯಲ್ಲಿ ಏನಾದರೂ ತಪ್ಪಾಗಿದೆಯೇ ಎಂಬ ಭಯದಿಂದ ಕೇಳುತ್ತಿದ್ದೇನೆ.

ಶುಶ್ರೂಷಕಿ:
ಬೆಳ್ಳಿಚುಕ್ಕಿಯವರೇ, ವಿಜ್ಞಾನದ ಮಾತಿಗೆ ಮೊದಲು ಒಂದು ಕೆಲಸ ಮಾಡಿ. ಮುಂದಿನ ಡೋಸ್‌ವರೆಗೆ ಕಾಯದೆ ಇವತ್ತೇ ಚಿಕಿತ್ಸೆ ಕೊಡುತ್ತಿರುವವರಿಗೆ ಕರೆ ಮಾಡಿ ತಿಳಿಸಿ. ಇದು ಕೈ-ಕಾಲು ಲಕ್ಷಣಾವಳಿ ಎಂದು ಹೆಸರಾದ, ಈ ಔಷಧಕ್ಕೆ ತೀರಾ ಪರಿಚಿತವಾದ ಅಡ್ಡಪರಿಣಾಮ. ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ಡೋಸ್ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಉರಿ ಎಷ್ಟಿದೆ, ಗುಳ್ಳೆ ಎದ್ದಿದೆಯೇ, ದಿನನಿತ್ಯದ ಕೆಲಸಕ್ಕೆ ಎಷ್ಟು ಅಡ್ಡಿಯಾಗಿದೆ ಎಂಬುದನ್ನು ನೋಡಿ ವೈದ್ಯರು ಮುಂದಿನ ಡೋಸ್ ಅನ್ನು ಮುಂದೂಡುತ್ತಾರೆ ಅಥವಾ ಕಡಿಮೆ ಮಾಡುತ್ತಾರೆ. ಅಲ್ಲಿಯವರೆಗೆ ಬಿಸಿನೀರು, ಬಿಗಿಯಾದ ಪಾದರಕ್ಷೆ, ಕೈಯನ್ನು ಉಜ್ಜುವ ಕೆಲಸ ಬೇಡ. ನೋವನ್ನು ಸಹಿಸಿಕೊಂಡರೆ ಔಷಧ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಭಾವಿಸಿ ಸುಮ್ಮನಿರುವವರನ್ನು ನಾನು ವಾರ್ಡಿನಲ್ಲಿ ಬಹಳ ಕಂಡಿದ್ದೇನೆ. ದಯವಿಟ್ಟು ಅಮ್ಮ ಹಾಗೆ ಮಾಡದಿರಲಿ.

ಕಣಾದ:
ನಾನು ಔಷಧ ವಿಜ್ಞಾನ ಓದಿದವನು, ಲೈಪೋಸೋಮ್‌ಗಳ ಮೇಲೆ ಕೆಲವು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ಕೈಹಾಕಿದೆ.

ಲೈಪೋಸೋಮ್ ಎಂದರೆ ಕೊಬ್ಬಿನ ಅಣುಗಳು ತಾವಾಗಿಯೇ ಜೋಡಿಸಿಕೊಂಡು ಕಟ್ಟಿಕೊಳ್ಳುವ ಟೊಳ್ಳು ಗುಳ್ಳೆ. ಬ್ರಿಟನ್ನಿನ ಅಲೆಕ್ ಬ್ಯಾಂಗಮ್ 1960ರ ದಶಕದಲ್ಲಿ ಇದನ್ನು ಗುರುತಿಸಿದರು. ಜೆರುಸಲೇಮಿನಲ್ಲಿ ಬಾರೆನ್‌ಹೋಲ್ಜ್ ಮತ್ತು ಗಬಿಜಾನ್ ಅದರೊಳಗೆ ಡಾಕ್ಸೋರುಬಿಸಿನ್ ತುಂಬುವ ದಾರಿ ಹುಡುಕಿದರು. 1995ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಎಂಬ ಹೆಸರಿನಲ್ಲಿ ಅನುಮೋದನೆ ಸಿಕ್ಕಿತು. ಗುಳ್ಳೆಯ ಅಡ್ಡಳತೆ ಸುಮಾರು 80ರಿಂದ 100 ನ್ಯಾನೋಮೀಟರ್. ಒಂದು ಕೆಂಪು ರಕ್ತಕಣದ ಅಡ್ಡಕ್ಕೆ ಇಂತಹ 70-80 ಗುಳ್ಳೆಗಳನ್ನು ಸಾಲಾಗಿ ಇಡಬಹುದು. ಅಷ್ಟು ಸಣ್ಣದರೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಔಷಧದ ಅಣುಗಳು ಹರಳುಗಟ್ಟಿ ಕುಳಿತಿರುತ್ತವೆ. ಒಳಗಿರುವ ಅಮೋನಿಯಂ ಸಲ್ಫೇಟ್ ಔಷಧವನ್ನು ಹೊರಗಿನಿಂದ ಒಳಕ್ಕೆ ಸೆಳೆದು ಹರಳಾಗಿಸುತ್ತದೆ. ಈ ವಿಷಯದಲ್ಲಿ ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಕುಶಲತೆ ಇದು.

ಗುಳ್ಳೆಯ ಹೊರಮೈಗೆ ಪೆಗ್ ಎಂಬ ನೀರುಪ್ರಿಯ ಪಾಲಿಮರಿನ ಎಳೆಗಳನ್ನು ನೆಟ್ಟಿರುತ್ತಾರೆ. ಅದರಿಂದಾಗಿ ರಕ್ತದ ಪ್ರೋಟೀನುಗಳು ಸುಲಭವಾಗಿ ಅಂಟಿಕೊಳ್ಳುವುದಿಲ್ಲ, ಯಕೃತ್ತಿನ ಭಕ್ಷಕ ಕೋಶಗಳು ಬೇಗ ಗುರುತಿಸುವುದಿಲ್ಲ. ಬರಿಯ ಡಾಕ್ಸೋರುಬಿಸಿನ್ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ರಕ್ತವನ್ನು ಬಿಟ್ಟು ಅಂಗಾಂಶಗಳಿಗೆ, ಹೃದಯದ ಸ್ನಾಯುವಿಗೂ ಸೇರಿ, ಹರಡಿಬಿಡುತ್ತದೆ. ಗುಳ್ಳೆಯೊಳಗಿನದು ದಿನಗಟ್ಟಲೆ ರಕ್ತದಲ್ಲೇ ಸುತ್ತುತ್ತದೆ. ಅದರ ಅರ್ಧಾಯುಷ್ಯವೇ ಎರಡರಿಂದ ಮೂರು ದಿನ. ಗಡ್ಡೆಯ ಮುರುಕಲು ರಕ್ತನಾಳಗಳಲ್ಲಿ ಸೋರಿ ಒಳಸೇರಲು ಅದಕ್ಕೆ ಸಮಯ ಸಿಗುವುದು ಹೀಗೆ. ಆದರೆ ಅಷ್ಟೇ ಸಮಯ ಚರ್ಮಕ್ಕೂ ಸಿಗುತ್ತದೆ. ಈ ಔಷಧ ಬೆವರಿನಲ್ಲಿ ಹೊರಬರುವುದನ್ನು ಅಳೆದು ನೋಡಿದ್ದಾರೆ. ಅಂಗೈ, ಅಂಗಾಲುಗಳಲ್ಲಿ ಬೆವರಿನ ಗ್ರಂಥಿಗಳು ದಟ್ಟವಾಗಿವೆ, ಹೊರಪದರ ದಪ್ಪವಾಗಿದೆ, ಒತ್ತಡವೂ ಉಜ್ಜಾಟವೂ ಹೆಚ್ಚು. ಆದ್ದರಿಂದ ಔಷಧ ಅಲ್ಲಿ ತಂಗಿ ಸುಡುತ್ತದೆ. ಚಿಕಿತ್ಸೆಯಲ್ಲಿ ತಪ್ಪೇನೂ ಆಗಿಲ್ಲ. ಗಡ್ಡೆಗೆ ಔಷಧ ತಲುಪಿಸುವ ಗುಣವೇ ಅಂಗೈಯನ್ನೂ ಸುಡುತ್ತಿದೆ.

ಮೂರನೇಬೆಂಚು:
ಹಾಗಾದರೆ ‘ನೇರವಾಗಿ’ ಎಂಬ ಮಾತು ಸುಳ್ಳು ಎಂದು ನೇರವಾಗಿಯೇ ಹೇಳಿಬಿಡಿ.

ಕಣಾದ:
ಸುಳ್ಳು ಎನ್ನುವುದಕ್ಕಿಂತ ತಪ್ಪು ಚಿತ್ರ ಎನ್ನುತ್ತೇನೆ. ಕಣಕ್ಕೆ ಚುಕ್ಕಾಣಿಯಿಲ್ಲ, ರಕ್ತ ಹರಿದ ಕಡೆಗೆಲ್ಲ ಅದೂ ಹರಿಯುತ್ತದೆ. ಜಪಾನಿನ ಮತ್ಸುಮುರಾ ಮತ್ತು ಮಾಯೆದಾ 1986ರಲ್ಲಿ ಒಂದು ವಿಷಯ ತೋರಿಸಿದರು. ಆತುರದಲ್ಲಿ ಬೆಳೆಯುವ ಗಡ್ಡೆಯ ರಕ್ತನಾಳಗಳ ಗೋಡೆ ಬಿರುಕುಬಿಟ್ಟಿರುತ್ತದೆ, ಒಳಗೆ ಬಂದದ್ದನ್ನು ಹೊರಹಾಕುವ ದುಗ್ಧನಾಳಗಳೂ ಅಲ್ಲಿ ಸರಿಯಾಗಿರುವುದಿಲ್ಲ. ಹೀಗಾಗಿ ದೊಡ್ಡ ಅಣುಗಳು ಅಲ್ಲಿ ಸೋರಿ ನಿಲ್ಲುತ್ತವೆ. ಇದನ್ನೇ ಇಪಿಆರ್ ಪರಿಣಾಮ ಎನ್ನುತ್ತಾರೆ. ಕಾಲುವೆಯ ಏರಿ ಎಲ್ಲಿ ಒಡೆದಿದೆಯೋ ಅಲ್ಲಿ ನೀರು ಹೆಚ್ಚು ಸೋರುತ್ತದೆ. ಆದರೆ ನೀರು ಆ ಬಿರುಕನ್ನು ಹುಡುಕಿಕೊಂಡು ಹೊರಟದ್ದಲ್ಲ.

ಅಂಕಿಅಂಶ:
ಸೋರುವುದು ಎಷ್ಟು ಎಂಬುದನ್ನೂ ಹೇಳಬೇಕಲ್ಲವೇ? ಟೊರೊಂಟೊ ವಿಶ್ವವಿದ್ಯಾಲಯದ ವಾರನ್ ಚಾನ್ ತಂಡ 2016ರಲ್ಲಿ ಅದಕ್ಕೂ ಹಿಂದಿನ ಹತ್ತು ವರ್ಷಗಳ 117 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿತು. ಚುಚ್ಚಿದ ನ್ಯಾನೋಕಣಗಳಲ್ಲಿ ಗಡ್ಡೆ ತಲುಪಿದ ಪಾಲಿನ ಮಧ್ಯಕ ಬೆಲೆ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ಶೇಕಡಾ 0.7. ನೂರು ಕಣ ಕಳಿಸಿದರೆ ಒಂದೂ ಪೂರ್ತಿಯಾಗಿ ಮುಟ್ಟುವುದಿಲ್ಲ. ಇಷ್ಟು ವರ್ಷಗಳ ಸಂಶೋಧನೆ, ಇಷ್ಟು ಪ್ರಬಂಧಗಳ ನಂತರ ಇದು ಫಲಿತಾಂಶ. ಇದನ್ನು ಮುಚ್ಚಿಟ್ಟು ರೋಗಿಗಳ ಮುಂದೆ ‘ಗುರಿ ತಪ್ಪದ ಬಾಣ’ ಎಂದು ವರ್ಣಿಸುವುದು ಅನ್ಯಾಯ.

ರಸಾಯನಪ್ರಿಯೆ:
ಅಂಕಿಅಂಶ ಅವರ ಕಳಕಳಿಯನ್ನು ಒಪ್ಪುತ್ತೇನೆ, ಆದರೆ 0.7 ಎಂಬ ಸಂಖ್ಯೆಯನ್ನು ಅವರು ಬಳಸಿದ ರೀತಿಯನ್ನು ಒಪ್ಪುವುದಿಲ್ಲ. ಮೊದಲನೆಯದಾಗಿ, ಆ ಅಧ್ಯಯನಗಳು ಪ್ರಯೋಗಾಲಯದ ಇಲಿಗಳ ಮೇಲೆ ನಡೆದವು. ಎರಡನೆಯದಾಗಿ, ಗಡ್ಡೆ ದೇಹದ ತೂಕದ ಎಷ್ಟು ಸಣ್ಣ ಭಾಗ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಶೇಕಡಾವಾರನ್ನು ಮಾತ್ರ ನೋಡಿದರೆ ಯಾವ ಔಷಧವೂ ದಡ್ಡನಂತೆ ಕಾಣುತ್ತದೆ. ಪೊರೆಯಿಲ್ಲದ ಕೀಮೋ ಔಷಧದ ಎಷ್ಟು ಪಾಲು ಗಡ್ಡೆ ತಲುಪುತ್ತದೆ ಎಂದು ಕೇಳಿ ನೋಡಿ, ಅದೂ ಅತ್ಯಲ್ಪವೇ. ಹೋಲಿಕೆ ಇರಬೇಕಾದದ್ದು ನೂರರ ಜೊತೆಗಲ್ಲ, ಪೊರೆಯಿಲ್ಲದ ಔಷಧದ ಜೊತೆಗೆ. ಎಷ್ಟು ತಲುಪಿತು ಎಂಬುದರ ಜೊತೆಗೆ ಎಷ್ಟು ಹೊತ್ತು ಅಲ್ಲಿ ಉಳಿಯಿತು ಎಂಬುದೂ ಮುಖ್ಯ.

ಅಂಕಿಅಂಶ:
ಹೋಲಿಕೆಯ ಮಾತು ಸರಿ, ತಿದ್ದಿಕೊಳ್ಳುತ್ತೇನೆ. ಆದರೆ ಅದೇ ತಂಡ 2020ರಲ್ಲಿ ಇನ್ನೊಂದು ಮಾತು ಹೇಳಿತು: ಇಲಿಗಳ ಗಡ್ಡೆಗಳಲ್ಲಿ ಬಿರುಕುಗಳು ನಾವೆಣಿಸಿದಷ್ಟು ಇಲ್ಲವೇ ಇಲ್ಲ, ಒಳಸೇರುವ ಕಣಗಳಲ್ಲಿ ಶೇಕಡಾ 97ರವರೆಗೆ ರಕ್ತನಾಳದ ಗೋಡೆಯ ಕೋಶಗಳೇ ಸಕ್ರಿಯವಾಗಿ ಸಾಗಿಸಿದವು ಎಂದು. ಹಾಗಿದ್ದರೆ ಕಾಲುವೆಯ ಏರಿ ಒಡೆದ ಉಪಮೆಯೂ ಪೂರ್ತಿ ನಿಲ್ಲುವುದಿಲ್ಲ.

ಕಣಾದ:
ಆ ಪ್ರಬಂಧದ ಬಗ್ಗೆ ನಮ್ಮ ಕ್ಷೇತ್ರದಲ್ಲಿ ಇನ್ನೂ ವಾದ ನಡೆಯುತ್ತಿದೆ. ಆದರೂ ನನ್ನ ಉಪಮೆ ಸರಳೀಕರಣವೇ, ಒಪ್ಪುತ್ತೇನೆ.

ಹೊಂಗೆನೆರಳು:
ಕಣವನ್ನು ಇನ್ನೂ ಚಿಕ್ಕದಾಗಿ ಮಾಡಿದರೆ ಆಗುವುದಿಲ್ಲವೇ? ಸುಲಭವಾಗಿ ಒಳಗೆ ನುಗ್ಗಬಹುದಲ್ಲ?

ರಸಾಯನಪ್ರಿಯೆ:
ಒಂದು ಮಿತಿಯವರೆಗೆ ಆಗುತ್ತದೆ. ಸುಮಾರು 6 ನ್ಯಾನೋಮೀಟರಿಗಿಂತ ಚಿಕ್ಕದಾದರೆ ಮೂತ್ರಪಿಂಡ ಸೋಸಿ ಹೊರಹಾಕಿಬಿಡುತ್ತದೆ. ದೊಡ್ಡದಾದರೆ ಯಕೃತ್ತು ಮತ್ತು ಗುಲ್ಮ ಹಿಡಿದಿಟ್ಟುಕೊಳ್ಳುತ್ತವೆ. ನಡುವಿನ ಹರವಿನಲ್ಲಿ ಆಟವಾಡಬೇಕು. ಗಡ್ಡೆಯ ಒಳಗೆ ದ್ರವದ ಒತ್ತಡ ಹೆಚ್ಚಿರುತ್ತದೆ, ಹೀಗಾಗಿ ಒಳಗೆ ಬರುವುದನ್ನು ಅದು ಹೊರಗೇ ತಳ್ಳುತ್ತದೆ ಎಂಬುದನ್ನು ಸಂಶೋಧಕ ರಾಕೇಶ್ ಜೈನ್ ದಶಕಗಳಿಂದ ತೋರಿಸುತ್ತ ಬಂದಿದ್ದಾರೆ. ಗಡ್ಡೆಯ ರಕ್ತನಾಳಗಳನ್ನು ಔಷಧ ಕೊಟ್ಟು ಸ್ವಲ್ಪ ದುರಸ್ತಿ ಮಾಡಿದರೆ ಒತ್ತಡ ಇಳಿಯುತ್ತದೆ ಎಂಬುದು ಅವರ ವಾದ. ಅವರ ತಂಡ 2012ರಲ್ಲಿ ಇಲಿಗಳಲ್ಲಿ ಕಂಡಂತೆ, ಹಾಗೆ ದುರಸ್ತಿ ಮಾಡಿದಾಗ 12 ನ್ಯಾನೋಮೀಟರ್ ಗಾತ್ರದ ಕಣಗಳಿಗೆ ದಾರಿ ಸುಗಮವಾಯಿತು, 125 ನ್ಯಾನೋಮೀಟರಿನವಕ್ಕೆ ಆಗಲಿಲ್ಲ. ಏಕೆಂದರೆ ದುರಸ್ತಿಯಲ್ಲಿ ಬಿರುಕುಗಳೂ ಕಿರಿದಾಗುತ್ತವೆ. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೈಕೊಡುತ್ತದೆ.

ಸೂಜಿಮೊನೆ:
ಚರ್ಚೆ ಪೂರ್ತಿಯಾಗಿ ಇಲಿಗಳ ಕಡೆಗೆ ಹೋಗುವ ಮೊದಲು ರೋಗಿಯಾಗಿ ನನ್ನ ಮಾತನ್ನೂ ಹೇಳಿಬಿಡುತ್ತೇನೆ. ನನಗೆ ಸ್ತನ ಕ್ಯಾನ್ಸರ್. ಮೊದಲ ಬಾರಿ ಮಾಮೂಲಿ ಡಾಕ್ಸೋರುಬಿಸಿನ್ ಕೊಟ್ಟಿದ್ದರು. ಕೂದಲು ಪೂರ್ತಿ ಹೋಯಿತು, ವಾಂತಿ ಹೇಳತೀರದಷ್ಟು. ಅದಕ್ಕಿಂತ ದೊಡ್ಡ ವಿಷಯವೆಂದರೆ, ಜೀವಮಾನದಲ್ಲಿ ಆ ಔಷಧವನ್ನು ಇಷ್ಟಕ್ಕಿಂತ ಹೆಚ್ಚು ಕೊಡುವಂತಿಲ್ಲ, ಕೊಟ್ಟರೆ ಹೃದಯದ ಸ್ನಾಯು ಸೋಲುತ್ತದೆ ಎಂದು ವೈದ್ಯರು ಲೆಕ್ಕ ಬರೆದಿಟ್ಟಿದ್ದರು. ರೋಗ ಮರಳಿದಾಗ ನಾನು ಆ ಮಿತಿಗೆ ಹತ್ತಿರವಿದ್ದೆ. ಆಗ ಲೈಪೋಸೋಮಿನ ರೂಪ ಕೊಟ್ಟರು. ಕೈಗಳು ಸಿಪ್ಪೆ ಸುಲಿದವು, ನಿಜ. ಆದರೆ ಪ್ರತಿ ಬಾರಿ ಎಕೋ ಮಾಡಿದಾಗಲೂ ಹೃದಯ ಸರಿಯಾಗಿತ್ತು. ಗಡ್ಡೆಗೆ ಎಷ್ಟು ಪಾಲು ಹೋಯಿತೋ ನನಗೆ ತಿಳಿಯದು. ಹೃದಯಕ್ಕೆ ಹೋಗಲಿಲ್ಲ ಎಂಬುದು ನನಗೆ ಸಾಕಾಗಿತ್ತು.

ಅಂಕಿಅಂಶ:
ಸೂಜಿಮೊನೆಯವರೇ, ನಿಮ್ಮ ಅನುಭವಕ್ಕೆ ಅಂಕಿಗಳ ಬೆಂಬಲವೂ ಇದೆ. ಹರಡಿದ ಸ್ತನ ಕ್ಯಾನ್ಸರ್ ಇದ್ದ 509 ಮಹಿಳೆಯರಲ್ಲಿ ಎರಡೂ ರೂಪಗಳನ್ನು ಮುಖಾಮುಖಿ ಹೋಲಿಸಿದ ಪ್ರಯೋಗವೊಂದು 2004ರಲ್ಲಿ ಪ್ರಕಟವಾಯಿತು. ರೋಗ ಮುಂದುವರಿಯದೆ ನಿಂತ ಅವಧಿ ಲೈಪೋಸೋಮಿನಲ್ಲಿ 6.9 ತಿಂಗಳು, ಮಾಮೂಲಿ ಔಷಧದಲ್ಲಿ 7.8, ಬದುಕುಳಿದ ಅವಧಿ 21 ಮತ್ತು 22 ತಿಂಗಳು. ಅಂದರೆ ಗಡ್ಡೆಯ ಮೇಲಿನ ಪರಿಣಾಮ ಸರಿಸುಮಾರು ಒಂದೇ. ಹೃದಯಕ್ಕೆ ಆದ ಹಾನಿ ಮಾತ್ರ ಲೈಪೋಸೋಮಿನಲ್ಲಿ ಸ್ಪಷ್ಟವಾಗಿ ಕಡಿಮೆ. ಕೂದಲು ಉದುರುವಿಕೆ ಶೇಕಡಾ 66ರಿಂದ 20ಕ್ಕೆ ಇಳಿಯಿತು, ಕೈ-ಕಾಲು ಉರಿ ಶೇಕಡಾ 2ರಿಂದ 48ಕ್ಕೆ ಏರಿತು. ಬೆಳ್ಳಿಚುಕ್ಕಿಯವರ ಅಮ್ಮ ಆ 48ರೊಳಗೆ ಬಂದಿದ್ದಾರೆ. ಔಷಧ ಗಡ್ಡೆಯನ್ನು ಹುಡುಕಿ ಹೊಡೆಯುವುದಾಗಿದ್ದರೆ ಮೊದಲ ಎರಡು ಸಂಖ್ಯೆಗಳಲ್ಲಿ ದೊಡ್ಡ ಅಂತರ ಕಾಣಬೇಕಿತ್ತು.

ಬೆಳ್ಳಿಚುಕ್ಕಿ:
ಇದನ್ನು ಓದಿ ಕಣ್ಣು ತುಂಬಿ ಬಂತು, ಆದರೆ ಮನಸ್ಸು ಹಗುರವೂ ಆಯಿತು. ‘ಉರಿ ಬರಬಹುದು’ ಎಂದು ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಇದ್ದದ್ದು ಈಗ ನೆನಪಾಗುತ್ತಿದೆ. ಅರ್ಧದಷ್ಟು ಜನರಿಗೆ ಬರುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಹಳೆಯ ಓದುಗ:
ಅಡ್ಡಪರಿಣಾಮ ತಗ್ಗಿಸುವ ಮಾತು ಬಂದಿದ್ದರಿಂದ ಹರಳೆಣ್ಣೆಯ ಕಥೆಯನ್ನೂ ಹೇಳಬೇಕು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಹರಳೆಣ್ಣೆಯಿಂದ ತಯಾರಿಸಿದ ಕ್ರೆಮೊಫೋರ್ ಎಂಬ ದ್ರಾವಕ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿ ಕೊಡುತ್ತಾರೆ. ತೊಂದರೆ ಕೊಡುತ್ತಿದ್ದುದರಲ್ಲಿ ಔಷಧದ ಜೊತೆ ಈ ದ್ರಾವಕದ ಪಾಲೂ ದೊಡ್ಡದು: ಉಸಿರು ಕಟ್ಟುವುದು, ರಕ್ತದೊತ್ತಡ ಕುಸಿಯುವುದು. ಆದ್ದರಿಂದ ಮೊದಲೇ ಸ್ಟೆರಾಯ್ಡ್ ಕೊಟ್ಟು, ಮೂರು ಗಂಟೆಗಳ ಕಾಲ ನಿಧಾನವಾಗಿ ಹರಿಸಬೇಕು. 2005ರಲ್ಲಿ ಅನುಮೋದನೆ ಪಡೆದ ಅಬ್ರಾಕ್ಸೇನ್‌ನಲ್ಲಿ ಆ ದ್ರಾವಕವೇ ಇಲ್ಲ. ನಮ್ಮ ರಕ್ತದಲ್ಲೇ ಇರುವ ಆಲ್ಬುಮಿನ್ ಪ್ರೋಟೀನಿಗೆ ಔಷಧವನ್ನು ಕಟ್ಟಿ ಸುಮಾರು 130 ನ್ಯಾನೋಮೀಟರಿನ ಕಣ ಮಾಡಿದ್ದಾರೆ. ಅರ್ಧ ಗಂಟೆಯಲ್ಲಿ ಕೊಟ್ಟು ಮುಗಿಸಬಹುದು. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಜೆಮ್ಸಿಟಾಬಿನ್ ಎಂಬ ಇನ್ನೊಂದು ಕೀಮೋ ಔಷಧದ ಜೊತೆ ಸೇರಿಸಿದಾಗ ಬದುಕುಳಿಯುವ ಅವಧಿಯ ಮಧ್ಯಕ 6.7ರಿಂದ 8.5 ತಿಂಗಳಿಗೆ ಏರಿತೆಂದು 2013ರಲ್ಲಿ ಪ್ರಕಟವಾಯಿತು. ನ್ಯಾನೋ ಗೆದ್ದಿದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ರಸಾಯನಪ್ರಿಯೆ:
ಅರ್ಧ ಒಪ್ಪುತ್ತೇನೆ. ದ್ರಾವಕ ತೆಗೆದದ್ದು ನಿಜವಾದ ಗೆಲುವು. ಆದರೆ ಆ ಪ್ರಯೋಗದಲ್ಲಿ ಹೋಲಿಸಿದ್ದು ಜೆಮ್ಸಿಟಾಬಿನ್ ಒಂದರ ಜೊತೆಗೆ, ಮಾಮೂಲಿ ಪ್ಯಾಕ್ಲಿಟ್ಯಾಕ್ಸೆಲ್ ಜೊತೆಗಲ್ಲ. ಎರಡನೇ ಔಷಧ ಸೇರಿಸಿದ್ದರಿಂದ ಬಂದ ಲಾಭವನ್ನು ಕಣದ ಖಾತೆಗೆ ಜಮಾ ಮಾಡಲಾಗದು. ಜೊತೆಗೆ ಅಬ್ರಾಕ್ಸೇನ್ ಕಣ ರಕ್ತಕ್ಕೆ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಬಿಡಿಬಿಡಿಯಾಗಿ ಆಲ್ಬುಮಿನ್ ಅಣುಗಳಾಗುತ್ತದೆ. 130 ನ್ಯಾನೋಮೀಟರಿನ ಕಣವಾಗಿ ಅದು ಗಡ್ಡೆಯವರೆಗೆ ಪ್ರಯಾಣ ಮಾಡುವುದಿಲ್ಲ.

ಹಳೆಯ ಓದುಗ:
ಕಣ ಒಡೆಯುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಧನ್ಯವಾದ.

ಮೂರನೇಬೆಂಚು:
ಕಣದ ಮೈಗೆ ಪ್ರತಿಕಾಯ, ಅಂದರೆ ನಿರ್ದಿಷ್ಟ ಗುರುತಿಗೆ ಮಾತ್ರ ಅಂಟುವ ಪ್ರೋಟೀನ್, ಅಂಟಿಸಿದರೆ ಕ್ಯಾನ್ಸರ್ ಕೋಶವನ್ನು ತಾನೇ ಹುಡುಕಿಕೊಳ್ಳುತ್ತದೆ ಎಂದು ಓದಿದ್ದೆ. ಅದಾದರೂ ನಿಜವೇ?

ಕಣಾದ:
ಹುಡುಕಿಕೊಳ್ಳುವುದಿಲ್ಲ, ಸಿಕ್ಕಿದರೆ ಹಿಡಿದುಕೊಳ್ಳುತ್ತದೆ. ಬೀಗದ ಕೈ ಜೇಬಿನಲ್ಲಿದೆ ಎಂದ ಮಾತ್ರಕ್ಕೆ ಮನೆಯ ದಾರಿ ಗೊತ್ತಾಗುವುದಿಲ್ಲ. ಬಾಗಿಲವರೆಗೆ ಕಾಲು ನಡೆದೇ ಹೋಗಬೇಕು. ಬಾಗಿಲವರೆಗಿನ ದಾರಿ ಎಲ್ಲ ಕಣಗಳಿಗೂ ಒಂದೇ: ರಕ್ತ, ಯಕೃತ್ತು, ಬಿರುಕು, ಒತ್ತಡ. ಅಲ್ಲದೆ ರಕ್ತಕ್ಕೆ ಬಿದ್ದೊಡನೆ ಕಣದ ಸುತ್ತ ಪ್ರೋಟೀನುಗಳ ಹೊದಿಕೆ ಕಟ್ಟಿಕೊಳ್ಳುತ್ತದೆ, ನಾವು ಅಂಟಿಸಿದ ಪ್ರತಿಕಾಯ ಅದರಡಿ ಹುದುಗಿಹೋಗಬಹುದು. ಗುರಿಯ ಕೋಶದ ಒಳಗೆ ಔಷಧ ಸೇರಿಸಲು ಪ್ರತಿಕಾಯ ನೆರವಾಗುತ್ತದೆ ಎಂಬುದಕ್ಕೆ ಪ್ರಾಣಿಗಳಲ್ಲಿ ಸಾಕ್ಷ್ಯವಿದೆ. ಆದರೆ ಇಂದು ಚಿಕಿತ್ಸೆಯಲ್ಲಿ ನೆಲೆಯೂರಿರುವ ಕ್ಯಾನ್ಸರ್ ಲೈಪೋಸೋಮ್‌ಗಳ ಮೈಮೇಲೆ ಇಂತಹ ಪ್ರತಿಕಾಯಗಳಿಲ್ಲ.

ಯಕೃತ್ತಿನ ಸೆಳೆತ ಎಷ್ಟು ಬಲವಾದದ್ದೆಂದರೆ, ಅದನ್ನು ಎದುರಿಸುವ ಬದಲು ಬಳಸಿಕೊಂಡು ಗೆದ್ದವರೂ ಇದ್ದಾರೆ. 2018ರಲ್ಲಿ ಅನುಮೋದನೆಯಾದ ಪಾಟಿಸಿರಾನ್ ಎಂಬ ಆರ್‌ಎನ್‌ಎ ಔಷಧ ಕೊಬ್ಬಿನ ನ್ಯಾನೋಕಣದಲ್ಲಿ ಹೋಗುತ್ತದೆ, ಅದರ ಗುರಿಯೇ ಯಕೃತ್ತು. ಅದು ಕ್ಯಾನ್ಸರಿನ ಔಷಧವಲ್ಲ, ಆದರೂ ಕಣಗಳು ಸಹಜವಾಗಿ ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ.

ಹೊಂಗೆನೆರಳು:
ನೀವೆಲ್ಲ ಸೇರಿ ನ್ಯಾನೋಕಣಗಳನ್ನು ಕೇವಲ ಅಡ್ಡಪರಿಣಾಮ ತಗ್ಗಿಸುವ ಉಪಾಯವಾಗಿಸಿಬಿಟ್ಟಿರಿ. ರೋಗಿಯ ಆಯುಷ್ಯ ಹೆಚ್ಚಿಸಿದ ಒಂದೂ ಉದಾಹರಣೆ ಇಲ್ಲವೇ?

ಅಂಕಿಅಂಶ:
ಇದೆ, ಮತ್ತು ನಾನೇ ಅದನ್ನು ಮುಂದಿಡುತ್ತೇನೆ. ವಿಕ್ಸಿಯೋಸ್ ಎಂಬ ಲೈಪೋಸೋಮಿನಲ್ಲಿ ಸೈಟರಾಬಿನ್ ಮತ್ತು ಡಾನೊರುಬಿಸಿನ್ ಎಂಬ ಎರಡು ಔಷಧಗಳು 5ಕ್ಕೆ 1ರ ಅನುಪಾತದಲ್ಲಿ ಒಂದೇ ಗುಳ್ಳೆಯೊಳಗೆ ಇರುತ್ತವೆ. ಅಪಾಯದ ಬಗೆಯ ತೀವ್ರ ಮೈಲಾಯ್ಡ್ ರಕ್ತಕ್ಯಾನ್ಸರ್ ಇದ್ದ 60ರಿಂದ 75 ವರ್ಷದವರಲ್ಲಿ, ಅದೇ ಎರಡು ಔಷಧಗಳನ್ನು ಬೇರೆಬೇರೆಯಾಗಿ ಕೊಟ್ಟ ಗುಂಪಿನೊಂದಿಗೆ ಹೋಲಿಸಿದರು. ಬದುಕುಳಿದ ಅವಧಿಯ ಮಧ್ಯಕ 5.95 ತಿಂಗಳಿಂದ 9.56 ತಿಂಗಳಿಗೆ ಏರಿತು. 2017ರಲ್ಲಿ ಅಮೆರಿಕದಲ್ಲಿ ಅನುಮೋದನೆಯಾಯಿತು. ರಸಾಯನಪ್ರಿಯೆಯವರು ಕೇಳುವ ನ್ಯಾಯವಾದ ಹೋಲಿಕೆ ಇಲ್ಲಿದೆ.

ರಸಾಯನಪ್ರಿಯೆ:
ಹೌದು, ಇದು ನನ್ನ ಮೆಚ್ಚಿನ ಉದಾಹರಣೆ. ಇದರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ರಕ್ತಕ್ಯಾನ್ಸರಿನಲ್ಲಿ ತಲುಪಬೇಕಾದ ಗಟ್ಟಿ ಗಡ್ಡೆಯೇ ಇಲ್ಲ, ರೋಗ ಇರುವುದು ರಕ್ತ ಮತ್ತು ಅಸ್ಥಿಮಜ್ಜೆಯಲ್ಲಿ. ಎರಡು ಔಷಧಗಳನ್ನು ಬಿಡಿಯಾಗಿ ಕೊಟ್ಟರೆ ದೇಹ ಒಂದೊಂದನ್ನು ಒಂದೊಂದು ವೇಗದಲ್ಲಿ ಕರಗಿಸಿ, ವೈದ್ಯರು ಬಯಸಿದ ಅನುಪಾತ ಕೋಶದವರೆಗೆ ಉಳಿಯುವುದಿಲ್ಲ. ಗುಳ್ಳೆ ಆ ಅನುಪಾತವನ್ನು ಕಾಪಾಡಿತು. ಹೀಗೆ ಅತ್ಯಂತ ಸ್ಪಷ್ಟವಾದ ಗೆಲುವು ಸಿಕ್ಕಿದ್ದು ಬಿರುಕುಗಳಲ್ಲಿ ಸೋರುವ ಸಿದ್ಧಾಂತದ ಹೊರಗೆ.

ಕಣಾದ:
ಗಟ್ಟಿ ಗಡ್ಡೆಗಳ ವಿಷಯದಲ್ಲೂ ನಾನು ಆಸೆ ಬಿಟ್ಟಿಲ್ಲ. ಹರಡಿದ ಸ್ತನ ಕ್ಯಾನ್ಸರಿನ 19 ರೋಗಿಗಳಿಗೆ ವಿಕಿರಣಶೀಲ ತಾಮ್ರದ ಗುರುತು ಹಾಕಿದ ಲೈಪೋಸೋಮ್ ಕೊಟ್ಟು ಪೆಟ್ ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2017ರಲ್ಲಿ ಬಂತು. ಕಣ ಸೇರಿದ ಪ್ರಮಾಣದಲ್ಲಿ ಗಡ್ಡೆಯಿಂದ ಗಡ್ಡೆಗೆ 35 ಪಟ್ಟು ವ್ಯತ್ಯಾಸವಿತ್ತು. ಕೆಲವರ ಗಡ್ಡೆ ಕಣಗಳನ್ನು ಚೆನ್ನಾಗಿ ಹೀರುತ್ತದೆ, ಕೆಲವರದು ಹೀರುವುದೇ ಇಲ್ಲ. ನಾವು ಇಬ್ಬರನ್ನೂ ಒಂದೇ ಪ್ರಯೋಗದಲ್ಲಿ ಸೇರಿಸಿ ಸರಾಸರಿ ತೆಗೆದು ನಿರಾಶರಾಗುತ್ತೇವೆ. ಮೊದಲು ಸ್ಕ್ಯಾನ್ ಮಾಡಿ, ಹೀರುವವರಿಗೆ ಮಾತ್ರ ಇಂತಹ ಔಷಧ ಕೊಡುವ ಪದ್ಧತಿ ಬರಬೇಕು.

ಸೂಜಿಮೊನೆ:
ಹೀರುವುದಿಲ್ಲ ಎಂದು ಸ್ಕ್ಯಾನ್ ಹೇಳಿದರೂ ಹೃದಯದ ಕಾರಣಕ್ಕೆ ಬೇಕಾದವರಿಗೆ ಇದನ್ನು ನಿರಾಕರಿಸಬಾರದು, ಕಣಾದ ಅವರೇ.

ಕಣಾದ:
ಒಪ್ಪಿದೆ. ಆ ಕಡೆ ನನ್ನ ಯೋಚನೆ ಹೋಗಿರಲಿಲ್ಲ.

ಬೆಳ್ಳಿಚುಕ್ಕಿ:
ನಿನ್ನೆ ಆಸ್ಪತ್ರೆಗೆ ಹೋಗಿಬಂದೆವು. ಮೂರನೇ ಡೋಸ್ ಅನ್ನು ಎರಡು ವಾರದವರೆಗೆ ಮುಂದೂಡಿ, ಕೈ ವಾಸಿಯಾದದ್ದನ್ನು ನೋಡಿ ಕೊಡುತ್ತಾರಂತೆ. ಪ್ರಮಾಣವನ್ನೂ ದೇಹದ ಮೇಲ್ಮೈಯ ಚದರ ಮೀಟರಿಗೆ 50 ಮಿಲಿಗ್ರಾಮಿನಿಂದ 40ಕ್ಕೆ ಇಳಿಸಿದ್ದಾರೆ. ಅಮ್ಮನಿಗೆ ನಿಮ್ಮ ಮಾತುಗಳನ್ನು ಓದಿ ಹೇಳಿದೆ. ಗಡ್ಡೆಗೆ ನೇರ ಹೋಗುವುದಿಲ್ಲ ಎಂದು ಕೇಳಿ ಧೈರ್ಯಗೆಡುತ್ತಾರೇನೋ ಎಂದು ಹೆದರಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಕೈ ಉರಿಯುತ್ತಿರುವುದು ನಾನು ಏನೋ ತಪ್ಪು ಮಾಡಿದ್ದರಿಂದ ಅಲ್ಲ ತಾನೇ?” ಇಷ್ಟು ದಿನ ಅವರು ಮನಸ್ಸಿನಲ್ಲಿ ಅದನ್ನೇ ಇಟ್ಟುಕೊಂಡಿದ್ದರು. ಈಗ ನನಗೆ ಉಳಿದಿರುವ ಚಿಂತೆಯೆಂದರೆ, ಪ್ರಮಾಣ ಇಳಿಸಿದರೆ ಪರಿಣಾಮವೂ ಇಳಿಯುತ್ತದೆಯೇ?

ಶುಶ್ರೂಷಕಿ:
ಅಂಡಾಶಯದ ಕ್ಯಾನ್ಸರಿಗೆ ಔಷಧದ ಜೊತೆ ಬರುವ ಮಾಹಿತಿ ಚೀಟಿಯಲ್ಲಿ 50 ಎಂದಿದ್ದರೂ ಅನೇಕ ಕಡೆ ವೈದ್ಯರು 40ರಿಂದಲೇ ಆರಂಭಿಸುತ್ತಾರೆ, ಕೈ-ಕಾಲು ಉರಿಯ ಕಾರಣಕ್ಕೇ. ಆದ್ದರಿಂದ ಇದನ್ನು ಹಿನ್ನಡೆ ಎಂದುಕೊಳ್ಳಬೇಡಿ. ಪರಿಣಾಮದ ಬಗ್ಗೆ ಮುಂದಿನ ಸ್ಕ್ಯಾನ್ ನೋಡಿ ವೈದ್ಯರನ್ನೇ ಕೇಳಿ. ಡೋಸ್ ಕೊಟ್ಟ ದಿನಾಂಕ, ಉರಿ ಶುರುವಾದ ದಿನ, ಇಳಿದ ದಿನ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ, ಎರಡು ದಿನಕ್ಕೊಮ್ಮೆ ಅಂಗೈಯ ಫೋಟೋ ತೆಗೆಯಿರಿ. ನಾಲ್ಕನೇ ಡೋಸ್‌ಗೆ ಮೊದಲು ಪ್ರಮಾಣ ನಿರ್ಧರಿಸುವಾಗ ಅವರಿಗೆ ಅದು ಬೇಕಾಗುತ್ತದೆ.

ಬೆಳ್ಳಿಚುಕ್ಕಿ:
ಇವತ್ತಿನ ಫೋಟೋ ತೆಗೆದೆ. ಎಡಗೈಯ ಕೆಂಪು ಸ್ವಲ್ಪ ಇಳಿದಿದೆ.